ತಗಡಿನ ಒರಟು ಮಗ್ಗುಲು

ಮೂಡಿಗೆರೆ
21 ಜನವರಿ 1979, ಭಾನುವಾರ

ಪ್ರಿಯ ವಿಮಲಾ,

ನಿನಗೂ, ಪ್ರೇಮಾಗೂ, ನಿನ್ನ ಮನೆಯಲ್ಲಿ ನಮ್ಮ ಮೇಲೆ ಹಲ್ಲು ಕಡಿಯುತ್ತಿರುವ ಎಲ್ಲರಿಗೂ ಒಳ್ಳೆಯದಾಗಲಿ ಎಂದೇ ಶುರು ಮಾಡುತ್ತೇನೆ.

ನಿನ್ನ ಚೀಟಿ ತಲುಪಿತು. ನಿಮ್ಮ ಜೀಪಿನ ಡ್ರೈವರ್ ಶಂಕರ ನಮ್ಮ ತಗಡಿನ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಬೀದಿಯಲ್ಲೇ ನಿಂತು, ಮಡಿಸಿದ ಕಾಗದವನ್ನು ಎರಡು ಬೆರಳ ತುದಿಯಲ್ಲಿ ಚಾಚಿ, "ಅಮ್ಮಾವ್ರು ಉತ್ತರ ಬೇಡ ಅಂದಿದ್ದಾರೆ. ಆ ಬಟರ್ ಪೇಪರ್ ಒಂದು ಕೊಟ್ಬಿಡಬೇಕಂತೆ" ಎಂದ. ಬೇಸಿಗೆಯಲ್ಲಿ ಇದೇ ಶಂಕರ ನಮ್ಮ ಬೆಂಚಿನ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿದು, ಲೋಟ ತೊಳೆಯದೆ ಹೋಗುತ್ತಿದ್ದ.

ಚೀಟಿ ಬಿಡಿಸಿದೆ. "ನಿಮ್ಮ ಬಳಿ ಉಳಿದಿರುವ ನಮ್ಮ ಮಗಳ ಮಚ್ಚೆಯ ನಕಲನ್ನು ಹಿಂದಿರುಗಿಸತಕ್ಕದ್ದು. ಇನ್ನು ಮುಂದೆ ನಿಮಗೂ ನಮಗೂ ಯಾವ ವ್ಯವಹಾರವೂ ಇರತಕ್ಕದ್ದಲ್ಲ." ವಿಮಲಾ, ಚಿಕ್ಕಮಗಳೂರಿನ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ನಿನ್ನ ಮದುವೆಯಾಗಿ ನೀನು ಎಸ್ಟೇಟಿನ ಅಮ್ಮಾವರಾದ ಮೇಲೂ ನನಗೆ ನೀನು 'ನೀನೇ' ಆಗಿದ್ದೆ, ನಿನಗೆ ನಾನು 'ಏ ರಹೀಮಾ' ಆಗಿದ್ದೆ. ಇಷ್ಟು ವರ್ಷದಲ್ಲಿ ನೀನು ನನ್ನನ್ನು ಬಹುವಚನದಲ್ಲಿ ಕರೆದದ್ದು ಇದೇ ಮೊದಲು. 'ತಕ್ಕದ್ದು' ನಿನ್ನ ಶಬ್ದವಲ್ಲ. ಅದು ನಿನ್ನ ಯಜಮಾನರು ಚನ್ನಕೇಶವ ಗೌಡರದು, ಕೂಲಿಯವರ ಲೈನ್ ಮನೆಗಳ ಗೋಡೆಗೆ ನೋಟೀಸು ಹಚ್ಚುವಾಗ ಬಳಸುವಂಥದು. ಅಕ್ಷರ ನಿನ್ನದೇ. ಪಕ್ಕದಲ್ಲಿ ನಿಂತು ಬರೆಸಿದರೆ?

ಕಾಗದ ಕೊಡಲಿಲ್ಲ. "ಉತ್ತರ ಬೇಡ ಅಂದವ್ರಿಗೆ ರಹೀಮುನ್ನೀಸಾ ಉದ್ದದ ಉತ್ತರ ಬರೀತಾಳೆ ಅಂತ ಹೇಳು" ಎಂದು ಶಂಕರನನ್ನು ಕಳಿಸಿದೆ. ನನ್ನ ಸ್ವಭಾವ ನಿನಗೆ ಗೊತ್ತು. ಬಸ್ ಸ್ಟ್ಯಾಂಡಿನ ನಲ್ಲಿ ಕೆಟ್ಟರೆ ಪತ್ರಿಕೆಗೆ ಬರೆಯುವವಳು, ಲೈಬ್ರರಿಗೆ ಬೀಗ ಬಿದ್ದರೆ ತಹಶೀಲ್ದಾರರಿಗೆ ಬರೆಯುವವಳು. ನನ್ನ ಗಂಡ ನಿನ್ನ ಮಗಳ ಮುಖ ಸುಟ್ಟರು ಎಂದು ಊರೆಲ್ಲ ಆಡುವಾಗ ಸುಮ್ಮನಿರುತ್ತೇನೆಯೆ?

ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನಿನ್ನ ಮನೆಯಲ್ಲಿ ಅದು ಈಗ ಬೇರೆ ರೂಪ ತಾಳಿರಬಹುದು.

ಹೋದ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ನೀನು ನಮ್ಮ ಹಿತ್ತಲ ಬಾಗಿಲಿಂದ ಬಂದೆ. ಮುಂದಿನ ಬಾಗಿಲು ಅಂಗಡಿಗೆ ತೆರೆಯುತ್ತದೆ, ಅಲ್ಲಿ ಜನ ಇರುತ್ತಾರೆ ಎಂದು. ಪ್ರೇಮಾಳ ಎಡಗೆನ್ನೆಯಲ್ಲಿ, ಕಿವಿಯ ಕೆಳಗಿನಿಂದ ದವಡೆಯ ತನಕ, ಬಿಳಿ ಮಚ್ಚೆ ಎದ್ದಿತ್ತು. ನೀನು ಅದಕ್ಕೆ 'ತೊನ್ನು' ಎಂಬ ಹೆಸರನ್ನು ಬಾಯಲ್ಲಿ ಆಡಲೂ ಇಲ್ಲ, "ಅದು" ಎಂದೆ. ಇಲ್ಲಿನ ಚರ್ಮದ ಡಾಕ್ಟರು ಗುರುವಯ್ಯನವರು ಅದಕ್ಕೆ ಬೆಳಕಿನ ಚಿಕಿತ್ಸೆ ಕೊಡುತ್ತಿದ್ದರು. ದೊರೆಗಳ ಕಾಲದ ಯಾವುದೋ ಎಸ್ಟೇಟ್ ಆಸ್ಪತ್ರೆಯಿಂದ ಕೊಂಡ ಅತಿನೇರಳೆ ದೀಪ ಅವರಲ್ಲಿತ್ತು. ಬಾವಂಚಿಯ ಔಷಧಿ ಹಚ್ಚಿ ದೀಪದ ಮುಂದೆ ಕೂರಿಸಿದರೆ ಬಿಳುಪಿನಲ್ಲಿ ಬಣ್ಣ ಮೂಡಬೇಕು. ಆದರೆ ಆ ದೀಪದ ಬೆಳಕು ಕೆನ್ನೆಯ ಮೇಲೆಲ್ಲ ಹರಡಿ, ಸುತ್ತಲ ಒಳ್ಳೆಯ ಚರ್ಮವೇ ಕಪ್ಪಾಗಿ, ಮಚ್ಚೆ ಮೊದಲಿಗಿಂತ ಬೆಳ್ಳಗೆ ಎದ್ದು ಕಾಣತೊಡಗಿತ್ತು. ಬಟ್ಟೆ ಕಟ್ಟಿ ನೋಡಿದರು, ಜಾರಿತು. ಬಿಳಿ ಮುಲಾಮು ಬಳಿದು ನೋಡಿದರು, ಬೆವರಿಗೆ ಇಳಿಯಿತು. ದೀಪಕ್ಕೆ ಸಿಕ್ಕಿಸುವ ತಕ್ಕ ಸಲಕರಣೆಗೆಂದು ಬೊಂಬಾಯಿಗೆ ಬರೆದರೆ ಆ ಮಾದರಿಯೇ ಈಗ ಇಲ್ಲ ಎಂದು ಉತ್ತರ ಬಂತು.

ನೀನು ಬಟರ್ ಪೇಪರನ್ನು ಮಗಳ ಕೆನ್ನೆಗೆ ಒತ್ತಿ ಪೆನ್ಸಿಲಿನಲ್ಲಿ ಮಚ್ಚೆಯ ಅಂಚು ಎಳೆದುಕೊಂಡು ಬಂದಿದ್ದೆ. "ನಿಮ್ಮನೆಯವ್ರು ಕಾಫಿ ಚೀಲಕ್ಕೆ ಎಸ್ಟೇಟಿನ ಮಾರ್ಕು ಹಾಕೋ ತೂತಿನ ತಗಡು ಕತ್ತರಿಸ್ತಾರಲ್ಲ ರಹೀಮಾ, ಹಾಗೆಯೇ ಇದನ್ನೂ ಕತ್ತರಿಸೋಕಾಗಲ್ವಾ? ಮಚ್ಚೆಯಷ್ಟೇ ತೂತು, ಉಳಿದದ್ದು ಮುಚ್ಚಿರ್ಬೇಕು" ಎಂದೆ. ಆ ಉಪಾಯ ನಿನ್ನದು ವಿಮಲಾ, ಡಾಕ್ಟರದಲ್ಲ. ಚೆನ್ನಾಗಿ ನಡೆಯುತ್ತಿದ್ದಾಗ ಅವರು ಅದನ್ನು ತಮ್ಮದೆಂದು ಹೇಳಿಕೊಂಡು ತಿರುಗಿದರು. ಕೆಟ್ಟ ಮೇಲೆ ಅದು ನನ್ನ ಗಂಡ ರಜಬ್ ಅಲಿಯದಾಯಿತು.

ನಮ್ಮವರು ಆ ಕಾಗದವನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಯಾರ ಮಗಳದೆಂದು ನಾನು ಹೇಳಿದೆ. ಮರೆಮಾಚಿ ಕೆಲಸ ಮಾಡಿಸಬಾರದು ಎಂದು ಹೇಳಿದೆ. ಅವರು ಕಾಗದವನ್ನು ಕುರಾನಿನ ಗೂಡಿನ ಕೆಳಗಿನ ಹಲಗೆಯಲ್ಲಿಟ್ಟು ಊಟಕ್ಕೆ ಎದ್ದರು. ಮಾರನೆಯ ದಿನ ಕೆಲಸ ಹಿಡಿದರು.

ಅದು ಸುಲಭದ್ದಾಗಿರಲಿಲ್ಲ. ಬರೀ ತಗಡು ಹಿಡಿದರೆ ಬದಿಯಿಂದ ಬೆಳಕು ನುಗ್ಗುತ್ತದೆ ಎಂದು, ಸೀಮೆಎಣ್ಣೆ ಸುರಿಯುವ ಆಲಿಕೆಯಂಥದೊಂದನ್ನು ಮಾಡಿ ಅಗಲದ ಬಾಯಿಯನ್ನು ದೀಪಕ್ಕೆ ಸಿಕ್ಕಿಸಿದರು. ಸಣ್ಣ ಬಾಯಿಗೆ ಗಾಡಿ, ಎಂದರೆ ಅಂಚಿನುದ್ದಕ್ಕೂ ಒಂದು ಸೀಳು, ಇಟ್ಟು, ಮಚ್ಚೆಯ ತಗಡು ಅದರಲ್ಲಿ ಜಾರಿ ಕೂರುವಂತೆ ಮಾಡಿದರು. ಮೊದಲ ಆಲಿಕೆ ಕಾದ ಕಾವಲಿಯಾಯಿತು. ಎರಡನೆಯದಕ್ಕೆ ಗಾಳಿಯಾಡಲು ಕಿಂಡಿ ಕೊರೆದರೆ ಕಿಂಡಿಯಿಂದ ಬೆಳಕು ಸೋರಿತು. ಕೊನೆಗೆ ಒಂದರೊಳಗೊಂದು ಎರಡು ಆಲಿಕೆ ಮಾಡಿ, ನಡುವೆ ಕಾಫಿ ಗಿಡದ ಕಟ್ಟಿಗೆಯ ಬಿಲ್ಲೆಗಳನ್ನು ಇಟ್ಟು, ಒಳಗೆಲ್ಲ ಮಸಿ ಬಳಿದರು. ಆಗ ನಿಂತಿತು. ಮಚ್ಚೆಯ ತಗಡು ಅಂಗಡಿಯಲ್ಲಿ ಮಾರ್ಕಿನ ತಗಡುಗಳ ನಡುವೆ ತೂಗುತ್ತಿದ್ದಾಗ ಯಾರೋ ಮೇಸ್ತ್ರಿ, "ಇದೆಂತ ಸಾಬ್ರೆ, ಗೋಡಂಬಿ ಹಾಗಿದೆ, ಯಾವ ಎಸ್ಟೇಟಿನ ಮಾರ್ಕು?" ಎಂದು ಕೇಳಿದ. "ಹೊಸ ಎಸ್ಟೇಟು ಮಾರಾಯ, ಇನ್ನೂ ಗಿಡ ಹಾಕಿಲ್ಲ" ಎಂದರು ಇವರು. ನಿನ್ನ ಮಗಳ ಗುಟ್ಟು ನಮ್ಮ ಮನೆಯಿಂದ ಹೊರಗೆ ಹೋಗಲಿಲ್ಲ. ಇದನ್ನು ನೀನು ಬರೆದಿಟ್ಟುಕೋ.

ಮಳೆ ಮುಗಿಯುವ ಹೊತ್ತಿಗೆ ಬಿಳುಪಿನ ಮೇಲೆ ರಾಗಿ ಚೆಲ್ಲಿದಂತೆ ಕಂದು ಚುಕ್ಕೆಗಳು ಮೂಡಿದ್ದವು. ನೀನು ಪ್ರೇಮಾಳನ್ನು ನಮ್ಮ ಹಿತ್ತಲ ಬೆಳಕಿಗೆ ತಿರುಗಿಸಿ ನಿಲ್ಲಿಸಿ, "ನೋಡೇ, ನೋಡೇ" ಎಂದು ತೋರಿಸಿದೆ. ಹುಡುಗಿ ನಾಚಿ, "ಬಿಡಮ್ಮ, ಕುರಿ ನೋಡೋ ಹಾಗೆ ನೋಡ್ಬೇಡಿ" ಎಂದು ನಕ್ಕಿತು. ಆ ನಗುವನ್ನು ನಾನು ಮರೆತಿಲ್ಲ.

ಅಕ್ಟೋಬರಿನಲ್ಲಿ ಉಪಚುನಾವಣೆ ಬಂತು. ದೇಶದ ಜೀಪುಗಳೆಲ್ಲ ನಮ್ಮ ಜಿಲ್ಲೆಗೇ ಬಂದವು. ಗುರುವಯ್ಯ ಡಾಕ್ಟರು ಸ್ಟೆತಾಸ್ಕೋಪನ್ನು ಮೊಳೆಗೆ ನೇತುಹಾಕಿ ಪ್ರಚಾರಕ್ಕೆ ಹೊರಟರು; ದೀಪ ನರ್ಸ್ ಮರಿಯಮ್ಮನ ಪಾಲಿಗೆ ಬಿತ್ತು. ಆ ವಾರದಲ್ಲೇ ಪ್ರೇಮಾಳ ಕೆನ್ನೆ ಸುಟ್ಟಿತು. ಮಚ್ಚೆ ಇದ್ದಲ್ಲಲ್ಲ, ಅದರ ಮುಂದೆ, ಮೂಗಿನ ಕಡೆಗೆ, ಒಳ್ಳೆಯ ಚರ್ಮದ ಮೇಲೆ. ನೀರು ತುಂಬಿದ ಬೊಕ್ಕೆ, ಆಮೇಲೆ ಕಪ್ಪು ಕಲೆ.

ಡಾಕ್ಟರು ಓಡಿ ಬಂದು ನೋಡಿದವರೇ, "ತಗಡು ತಪ್ಪಾಗಿ ಕತ್ತರಿಸಿದ್ದಾನೆ" ಎಂದುಬಿಟ್ಟರು. ತಮ್ಮ ದೀಪ, ತಮ್ಮ ಔಷಧಿ, ತಾವು ಇಲ್ಲದ ಹೊತ್ತು, ಇದಾವುದೂ ಅವರ ಬಾಯಿಗೆ ಬರಲಿಲ್ಲ. ನಿನ್ನ ಅತ್ತೆ ಪಾಪಮ್ಮನವರು ಅದಕ್ಕೆ ಇನ್ನೊಂದು ಹೆಜ್ಜೆ ಸೇರಿಸಿದರು. "ತಪ್ಪಾಗಿ ಅಲ್ಲ, ಬೇಕೂಂತ್ಲೇ. ಹಳೇ ಸೇಡು. ಸಾಬ್ರ ಕೈಗೆ ಹೆಣ್ಣುಮಗಳ ಮುಖ ಕೊಟ್ರಲ್ಲ, ಅನುಭವಿಸಿ." ಇದು ನಿಮ್ಮ ಅಡಿಗೆಮನೆಯಲ್ಲಿ ಆಡಿದ ಮಾತು. ಸಂತೆಯ ದಿನದ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದಿತ್ತು. ನಿನ್ನ ಯಜಮಾನರು ಡಾಕ್ಟರಲ್ಲಿಗೆ ಬಂದು ತಗಡನ್ನೂ ಆಲಿಕೆಯನ್ನೂ ಕಿತ್ತುಕೊಂಡು ಹೋದರು. "ಪೊಲೀಸಿಗೆ ಕೊಡ್ತೀನಿ" ಎಂದರು. ಕೊಡಲಿಲ್ಲ. ಕೊಟ್ಟರೆ ಸುಟ್ಟದ್ದರ ಜೊತೆಗೆ ಮಚ್ಚೆಯ ವಿಷಯವೂ ಊರಿಗೆ ಗೊತ್ತಾಗುತ್ತದಲ್ಲ.

ಹಳೇ ಸೇಡು ಎಂದರೆ ಏನೆಂದು ನಿನ್ನ ಮಗಳಿಗೆ ಯಾರಾದರೂ ಹೇಳಿದ್ದೀರಾ? ನಾನು ಹೇಳುತ್ತೇನೆ, ಅವಳಿಗೆ ಓದಿ ಹೇಳು. ಆಗ ನಾವು ಚಿಕ್ಕಮಗಳೂರಿನಲ್ಲಿದ್ದೆವು. ನಮ್ಮವರು ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಚೀಲಗಳಿಗೆ ಮಾರ್ಕಿನ ತಗಡು ಕತ್ತರಿಸುತ್ತಿದ್ದರು. ನಿಮ್ಮ ಎಸ್ಟೇಟಿನ ಮಾರ್ಕು ಬಿದ್ದ ಪಾರ್ಚ್‌ಮೆಂಟ್ ಕಾಫಿಯ ಚೀಲಗಳು ಯಾರದೋ ಷೆಡ್ಡಿನಲ್ಲಿ ಸಿಕ್ಕವು. ಚನ್ನಕೇಶವ ಗೌಡರು ಇನ್‌ಸ್ಪೆಕ್ಟರನ್ನು ಕರೆತಂದು, ಕಾಫಿ ಆರಿಸುವ ಹೆಂಗಸರೆಲ್ಲ ನೋಡುತ್ತಿರುವಾಗ, "ನಮ್ಮ ಮಾರ್ಕಿಗೆ ಕಳ್ಳ ತಗಡು ಕತ್ತರಿಸಿ ಕೊಟ್ಟವನು ಇವನೇ" ಎಂದು ಬೆರಳು ತೋರಿಸಿದರು. ಠಾಣೆಯಲ್ಲಿ ಕೂರಿಸಿದರು. ಆಮೇಲೆ ಗೊತ್ತಾಯಿತು, ಚೀಲ ಸಾಗಿಸಿದವನು ನಿಮ್ಮದೇ ಎಸ್ಟೇಟಿನ ಲೆಕ್ಕ ಬರೆಯುವ ರೈಟರು, ಬಳಸಿದ್ದು ನಿಮ್ಮದೇ ತಗಡು. ಗೌಡರು ಬಂದು ಒಂದು ಮಾತು ಆಡಲಿಲ್ಲ. ಆಳಿನ ಕೈಲಿ ಒಂದು ಬುಟ್ಟಿ ಕಿತ್ತಳೆ ಕಳಿಸಿದರು. ಇವರು ಅದನ್ನು ಪಕ್ಕದ ಮನೆಯ ದನಕ್ಕೆ ಸುರಿದರು, ಕೆಲಸ ಬಿಟ್ಟರು, ಮೂಡಿಗೆರೆಗೆ ಬಂದೆವು.

ದನಕ್ಕೆ ಸುರಿಯುವಾಗ ಒಂದು ಮಾತು ಅಂದಿದ್ದರು. ಬರೆಯಬಾರದು ಎಂದುಕೊಂಡಿದ್ದೆ. ಆದರೆ ಇದನ್ನು ಬಚ್ಚಿಟ್ಟು ಉಳಿದದ್ದನ್ನು ನಂಬು ಎಂದು ನಿನ್ನನ್ನು ಕೇಳುವುದು ಹೇಗೆ? ನಮ್ಮ ಮನೆಮಾತಿನಲ್ಲಿ ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಒಂದಿನ ಆ ಮನೆಯವ್ರ ಮರ್ಯಾದೆ ನನ್ನ ಉಳಿ ತುದೀಲಿ ಇರ್ತದೆ, ನೋಡ್ತಿರು." ಸಿಟ್ಟಿನ ಮಾತು. ಸಿಟ್ಟಿನಲ್ಲಿ ಎಲ್ಲರೂ ಏನೋ ಅನ್ನುತ್ತಾರೆ. ಅದರ ನಂತರ ಎಂದೂ ಅದನ್ನು ಎತ್ತಿದವರಲ್ಲ. ಪ್ರೇಮಾಳ ಕೆನ್ನೆಯ ಸುದ್ದಿ ಬಂದ ದಿನ ಆ ಮಾತು ನನ್ನ ಕಿವಿಯಲ್ಲಿ ತಾನಾಗಿ ಕೇಳಿತು, ಅಷ್ಟೆ. ಹೆಂಡತಿಯಾದ ನಾನು ಅವರನ್ನು ಒಂದು ಗಳಿಗೆಯೂ ಅನುಮಾನಿಸಲಿಲ್ಲ.

ಆ ದಿನಗಳಲ್ಲಿ ಇವರ ಮುಖವನ್ನು ಸ್ವಲ್ಪ ಹೆಚ್ಚಾಗಿ ನೋಡುತ್ತಿದ್ದೆ, ನಿಜ. ಯಾವ ಹೆಂಗಸಾದರೂ ನೋಡುತ್ತಾಳೆ. ಉಳಿಗಳ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿದೆ. ಏನು ಹುಡುಕಿದೆನೋ ನನಗೇ ಗೊತ್ತಿಲ್ಲ. ಇವರು ಎಂದಿನಂತೆ ಉಂಡರು, ನಮಾಜು ಮಾಡಿದರು, ಚುನಾವಣೆಯವರಿಗೆ ಗುರುತಿನ ತಗಡು ಕತ್ತರಿಸಿಕೊಟ್ಟರು. "ಆ ಹುಡುಗಿಗೆ ಹೇಗಿದೆ?" ಎಂದು ಕೇಳಲಿಲ್ಲ. ಕೇಳಿದ್ದರೆ ನಾಟಕ ಎನಿಸುತ್ತಿತ್ತು. ಕೇಳದಿದ್ದದ್ದು ಬೇರೇನೋ ಎನಿಸುತ್ತಿತ್ತು.

ಬಟರ್ ಪೇಪರು ನಮ್ಮಲ್ಲೇ ಇತ್ತಲ್ಲ, ಅದನ್ನು ತೆಗೆದು ನೋಡಿದೆ. ತಗಡು ನಿಮ್ಮಲ್ಲಿದೆ, ಹೋಲಿಸುವ ಹಾಗಿಲ್ಲ. ಆದರೆ ತಪ್ಪಾಗಿ ಕತ್ತರಿಸಿದ್ದರೆ ಮಳೆಗಾಲವಿಡೀ ಅದೇ ತಗಡಿನಲ್ಲಿ ರಾಗಿಚುಕ್ಕೆ ಮೂಡಿದ್ದು ಹೇಗೆ? ಈ ಪ್ರಶ್ನೆ ಗುರುವಯ್ಯನವರಿಗೆ ಹೊಳೆಯಲಿಲ್ಲ, ನಿಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದು ಬೇಕಿರಲಿಲ್ಲ. ಸೇಡು ಎಂಬ ಉತ್ತರ ಕೈಯಲ್ಲೇ ಇತ್ತು.

ಉತ್ತರ ನನಗೆ ಸಿಕ್ಕಿದ್ದು ಬಸ್ಸಿನ ಕಿಟಕಿಯಿಂದ, ಡಿಸೆಂಬರಿನಲ್ಲಿ. ನಗಬೇಡ. ಗೋಣಿಬೀಡಿಗೆ ನಮ್ಮ ತಂಗಿ ಸುಗ್ರಾ ಬೀ ಮನೆಗೆ ಹೊರಟಿದ್ದೆ. ಗಂಗಾಧರಪ್ಪನ ಹೋಟೆಲಿನ ಮುಂದೆ ಬಸ್ಸು ನಿಂತಿತು. ಆ ಮನುಷ್ಯ ಚುನಾವಣೆಯಲ್ಲಿ ಕೈ ಗುರುತಿಗೆ ಮೈಮುರಿದು ದುಡಿದವರು, ಗೆದ್ದ ಮೇಲೂ ಗೋಡೆ ಒರೆಸಿರಲಿಲ್ಲ. ಗೋಡೆಯ ಮೇಲೆ ಅಕ್ಕಪಕ್ಕ ಎರಡು ಕೈ. ಒಂದರ ಹೆಬ್ಬೆರಳು ಬಾಗಿಲ ಕಡೆಗೆ, ಇನ್ನೊಂದರದು ಒಲೆಯ ಕಡೆಗೆ. ನಮ್ಮ ಬಸ್ಸಿನ ಕಂಡಕ್ಟರು ಇಳಿದು ಚಹಾ ಹಿಡಿದು, "ಎಂತ ಗಂಗಾಧರಪ್ನೋರೆ, ನಿಮ್ಮ ಪಕ್ಷಕ್ಕೆ ಬಲಗೈಲಿ ಕೊಡೋದು, ಎಡಗೈಲಿ ತಗೊಳ್ಳೋದಾ?" ಎಂದು ಕೆಣಕಿದ. ಗಂಗಾಧರಪ್ಪ ಸೌಟು ಎತ್ತಿದರು. "ಇದು ಅವ್ರ ಕಡೆಯವ್ರ ಕಿತಾಪತಿ ಮಾರಾಯ! ನಮ್ಮ ಹುಡುಗ್ರ ಜೊತೆ ಸೇರ್ಕೊಂಡು ಒಬ್ಬ ಬೇಕೂಂತ ಎಡಗೈ ಹೊಡ್ದಿದ್ದಾನೆ. ಯಾರು ಅಂತ ನಂಗೊತ್ತು. ಸಿಗ್ಲಿ." "ಎರಡು ತಗಡು ಇತ್ತಾ?" "ಒಂದೇ ತಗಡು! ಮೂಡಿಗೆರೆ ರಜಬ್ ಸಾಬ್ರು ಕತ್ತರ್ಸಿದ್ದು!"

ಬಸ್ಸಿನಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಗೆದ್ದ ಮೇಲೂ ಕಳ್ಳನನ್ನು ಹುಡುಕುತ್ತಿದ್ದಾರಲ್ಲ ಎಂದು. ನಗುತ್ತ ನಗುತ್ತಲೇ ಆ ಗೋಡೆಯನ್ನು ಮತ್ತೆ ನೋಡಿದೆ. ಒಂದೇ ತಗಡು. ಮಗುಚಿ ಇಟ್ಟರೆ ಎಡ ಬಲವಾಗುತ್ತದೆ, ಹಿಂದಿನದು ಮುಂದಾಗುತ್ತದೆ. ಪ್ರೇಮಾಳ ತಗಡಿನ ಗೋಡಂಬಿಯ ಬಾಲ ಕಿವಿಯ ಕಡೆ ಇರುವುದು ಮೂಗಿನ ಕಡೆ ತಿರುಗುತ್ತದೆ.

ತಂಗಿಯ ಮನೆಗೆ ಹೋಗಲಿಲ್ಲ. ಇಳಿದು, ಎದುರಿನಿಂದ ಬಂದ ಬಸ್ಸು ಹತ್ತಿ, ನೇರ ಮರಿಯಮ್ಮನ ಹತ್ತಿರ ಹೋದೆ. ಅವಳು ಡಾಕ್ಟರ ನರ್ಸಿಂಗ್ ಹೋಮಿನ ಹಿಂದೆ ಬಟ್ಟೆ ಒಣಹಾಕುತ್ತಿದ್ದಳು. ಸುತ್ತು ಬಳಸದೆ, "ಆ ವಾರ ನೀನು ತಗಡು ಗಾಡಿಯಿಂದ ಹೊರಗೆ ತೆಗೆದಿದ್ದೆಯಾ?" ಎಂದೆ.

"ತೆಗೆದಿದ್ದೆ ಅಮ್ಮ. ಔಷಧಿ ಕಲೆ ಹಿಡಿದಿತ್ತು, ತೊಳೆಯೋಣ ಅಂತ" ಎಂದಳು. "ಮುಖದ ಕಡೆ ಸುತ್ತಿದ್ದ ಫ್ಲಾನೆಲ್ ಬಟ್ಟೆ ಹರಿದು ಹೋಗಿತ್ತು. ಕೈಗೆ ಚುಚ್ತಿತ್ತು. ಪಾಪ, ಮಗುವಿನ ಕೆನ್ನೆ ಗೀರ್ತದೆ ಅಂತ ನಯ ಮಗ್ಗುಲು ಮುಖಕ್ಕೆ ಬರೋ ಹಾಗೆ ತಿರುಗಿಸಿ ಹಾಕಿದೆ. ನಯ ಇರೋದೇ ಅಲ್ವಾ ಮುಖಕ್ಕೆ ಇರ್ಬೇಕಾದ್ದು?"

"ಅದನ್ನ ಡಾಕ್ಟರಿಗೆ ಹೇಳಲಿಲ್ವಾ?"

"ಅವ್ರು ಕೇಳ್ಲೇ ಇಲ್ಲ. ಬಂದವ್ರೇ ನಿಮ್ಮ ಯಜಮಾನ್ರನ್ನ ಬೈಯೋಕೆ ಶುರು ಮಾಡಿದ್ರು. ತಗಡೇ ತಪ್ಪು ಅಂದ ಮೇಲೆ ನಾನೆಂತ ಹೇಳುದು?" ಎಂದವಳು, ನನ್ನ ಮುಖ ನೋಡಿ ಕೈಯ ಬಟ್ಟೆ ಕೆಳಗೆ ಬಿಟ್ಟಳು. "ಅಯ್ಯೋ ದೇವರೇ, ತಿರುಗಿಸಿದ್ರಿಂದಾಯ್ತಾ?"

ಆಲಿಕೆಯ ಬಾಯನ್ನು ಕೆನ್ನೆಗೆ ಒತ್ತಿಟ್ಟ ಮೇಲೆ ಒಳಗೆ ಏನು ಬೆಳಗುತ್ತಿದೆ ಎಂದು ಯಾರಿಗೂ ಕಾಣುವುದಿಲ್ಲ. ಹುಡುಗಿಗೆ ಚುಚ್ಚಬಾರದೆಂಬ ಕನಿಕರದಿಂದಲೇ ಅವಳು ತಿರುಗಿಸಿದಳು. ಆ ಕನಿಕರವೇ ಸುಟ್ಟಿತು.

ಚೀಲದ ಮಾರ್ಕಿನ ತಗಡನ್ನು ನೀನು ಮುಟ್ಟಿ ನೋಡಿದ್ದೀಯಾ? ಉಳಿ ಹೊಡೆದಾಗ ಹಿಂಬದಿಯಲ್ಲಿ ತೂತಿನ ಅಂಚು ಒರಟಾಗಿ ಏಳುತ್ತದೆ. ಮಾರ್ಕಿನವರು ಅದನ್ನು ಅರದಿಂದ ಉಜ್ಜುವುದಿಲ್ಲ, ಬೇಕೆಂದೇ ಬಿಡುತ್ತಾರೆ. ಒರಟು ಮಗ್ಗುಲು ಗೋಣಿಯನ್ನು ಕಚ್ಚಿ ಹಿಡಿಯುತ್ತದೆ, ಬ್ರಷ್ ಎಳೆದಾಗ ತಗಡು ಜಾರುವುದಿಲ್ಲ. ಚೀಲದವರು ಯಾರೂ ಅದನ್ನು ಮಗುಚಿ ಇಡುವುದಿಲ್ಲ. ಕಚ್ಚುವ ಕಡೆ ಚೀಲಕ್ಕೆ ಎಂಬುದು ಅವರಿಗೆ ಹುಟ್ಟಿನಿಂದ ಬಂದಂತೆ. ಪ್ರೇಮಾಳ ತಗಡನ್ನೂ ಇವರು ಹಾಗೆಯೇ, ಒರಟು ಮಗ್ಗುಲು ಮುಖಕ್ಕೆ ಬರುವಂತೆ ಕತ್ತರಿಸಿ, ಒರಟಿನ ಮೇಲೆ ಫ್ಲಾನೆಲ್ ಸುತ್ತಿ, ತಾವೇ ಗಾಡಿಯಲ್ಲಿ ಕೂರಿಸಿ ಬಂದಿದ್ದರು. ಫ್ಲಾನೆಲ್ ಹರಿಯುವ ತನಕ ಕೆಳಗೆ ಒರಟಿದೆ ಎಂದು ಯಾರಿಗೂ ತಿಳಿಯಲಿಲ್ಲ.

ಮನೆಗೆ ಬಂದು ಇವರನ್ನು ಕೇಳಿದೆ. ಅನುಮಾನವಿತ್ತೆಂದಲ್ಲ. ಎಂದಾದರೂ ನೀನು ಕೇಳಿದರೆ ಹೇಳಬೇಕಲ್ಲ, ಅದಕ್ಕೆ.

"ಯಾವ ಕಡೆ ಮುಖಕ್ಕೆ ಅಂತ ಹೇಳಿದ್ರಾ ಅವರಿಗೆ?"

"ಡಾಕ್ಟ್ರಿಗೆ ಹೇಳಿದ್ದೆ."

"ಬರ್ತಾ ಅವರನ್ನೂ ಕೇಳಿದೆ, ನೀವು ಹೇಳೇ ಇಲ್ಲ ಅಂತಾರೆ."

"ಹಾಗಾದ್ರೆ ಹೇಳಿಲ್ಲ. ಅವ್ರು ದೊಡ್ಡವ್ರು."

"ನರ್ಸಿಗೆ?"

"ನರ್ಸು ಅದನ್ನ ಕಳಚಿ ತೊಳೀತಾಳೆ ಅಂತ ನಂಗೇನು ಕನಸು ಬಿದ್ದಿತ್ತಾ?"

"ಒರಟು ಯಾಕೆ ಬಿಟ್ರಿ?"

"ಯಾವಾಗ್ಲೂ ಬಿಡ್ತೀನಿ. ಚೀಲ ಕಚ್ಕೊಳ್ಬೇಕಲ್ಲ."

"ಅದು ಚೀಲ ಅಲ್ಲ. ಹುಡುಗಿ ಮುಖ."

ಇವರು ಉಳಿಯನ್ನು ಬಟ್ಟೆಯಲ್ಲಿ ಒರೆಸಿ ಪೆಟ್ಟಿಗೆಯಲ್ಲಿಟ್ಟರು.  ಅಭ್ಯಾಸದ ಕೈ ತಾನೇ ಒರಟು ಬಿಟ್ಟಿತೆಂದು ನಾನು ತಿಳಿದೆ. ನೀನೂ ಹಾಗೆಯೇ ತಿಳಿಯಬೇಕು. ತಿಳಿಯದಿದ್ದರೆ ಯೋಚಿಸಿ ನೋಡು, ಮಗುಚಿದವಳು ಮರಿಯಮ್ಮ, ಹರಿದದ್ದು ಫ್ಲಾನೆಲ್, ಊರಲ್ಲಿ ಇಲ್ಲದವರು ಡಾಕ್ಟರು. ಇಷ್ಟೆಲ್ಲ ಹೀಗೇ ಆಗಲೆಂದು ಮುಂಚೆಯೇ ಎಣಿಸಿ ಒರಟು ಬಿಡುವ ಮನುಷ್ಯ ಯಾರಿದ್ದಾನೆ, ನೀನೇ ಹೇಳು. ಈ ಪ್ರಶ್ನೆಯನ್ನು ನಾನು ನನಗೇ ಬಹಳ ಸಲ ಕೇಳಿಕೊಂಡಿದ್ದೇನೆ.

ಆಮೇಲೆ ಯಾರೂ ಹೇಳದೆಯೇ ಇವರು ಹೊಸದು ಮಾಡಲು ಕೂತರು. ಆಲಿ­ಕೆಯೂ ಹೊಸದು, ತಗಡೂ ಹೊಸದು. ತಗಡಿನ ಎರಡೂ ಮಗ್ಗುಲು ಉಜ್ಜಿ ಉಜ್ಜಿ, ಕೆನ್ನೆಗೆ ಒತ್ತಿದರೆ ರೂಪಾಯಿ ನಾಣ್ಯ ಒತ್ತಿದಂತಿದೆ. ಒಂದು ಮೂಲೆ ಕತ್ತರಿಸಿ, ಗಾಡಿಯ ಆ ಮೂಲೆಯಲ್ಲಿ ಮೊಳೆ ಕೂರಿಸಿದ್ದಾರೆ. ಸರಿಯಾಗಿ ಇಟ್ಟರೆ ಮಾತ್ರ ಜಾರಿ ಒಳಗೆ ಹೋಗುತ್ತದೆ, ಮಗುಚಿದರೆ ಮೊಳೆ ತಡೆಯುತ್ತದೆ. ಆಲಿಕೆಯ ಬದಿಗೆ ಒಂದು ಸಣ್ಣ ಮುಚ್ಚಳ ಮಾಡಿದ್ದಾರೆ. ದೀಪ ಹಚ್ಚುವ ಮೊದಲು ತೆರೆದು, ತೂತಿನಲ್ಲಿ ಕಾಣುವುದು ಬಿಳಿಯೇ ಹೌದೇ ಎಂದು ನೋಡಿ ಮುಚ್ಚಬಹುದು. ಇಂಥದನ್ನು ಬೊಂಬಾಯಿಯವರೂ ಮಾಡಲಾರರು. ಕೇಳಿದರೆ, "ಯಾರಿಗಾದ್ರೂ ಬೇಕಾಗ್ತದೆ" ಎಂದರು. ಬೇರೆ ಯಾರ ಮಚ್ಚೆಗೂ ಆ ಆಕಾರ ಇಲ್ಲವಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಪ್ರೇಮಾ ಸೆರಗನ್ನು ಕೆನ್ನೆಗೆ ಎಳೆದುಕೊಂಡು ಕೋಣೆಯಲ್ಲಿ ಕೂತಿದ್ದಾಳಂತೆ, ಚಿಕ್ಕಮಗಳೂರಿನ ಕಾಲೇಜು ಬಿಟ್ಟಳಂತೆ, ದೀಪ ಎಂದರೆ ನಡುಗುತ್ತಾಳಂತೆ. ಸುಟ್ಟ ಕಲೆ ತಾನಾಗಿ ಮಾಸುತ್ತದೆ ಎಂದು ಮರಿಯಮ್ಮ ಹೇಳುತ್ತಾಳೆ. ಆದರೆ ಬಿಳುಪಿನ ಮೇಲೆ ಮೂಡಿದ್ದ ರಾಗಿಚುಕ್ಕೆಗಳು ಬೆಳಕು ಬೀಳದಿದ್ದರೆ ಉಳಿಯುವ ಖಾತರಿ ಇಲ್ಲವಂತೆ. ನಿನ್ನ ಯಜಮಾನರಿಗೂ ನನ್ನ ಯಜಮಾನರಿಗೂ ಇರುವ ಲೆಕ್ಕ ಅವರಿಬ್ಬರದು. ಅದಕ್ಕೆ ಆ ಹುಡುಗಿಯ ಕೆನ್ನೆ ಬಡ್ಡಿ ಕಟ್ಟುವುದು ಬೇಡ.

ಹೊಸ ತಗಡನ್ನು ಪರೀಕ್ಷಿಸಿ ನೋಡಿಯಾಗಿದೆ. ಬೆಳಕು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ, ಆಚೆ ಸೋರುವುದಿಲ್ಲ. ಇದನ್ನು ನಾನು ಖಂಡಿತವಾಗಿ ಬರೆಯಬಲ್ಲೆ. ಬಟರ್ ಪೇಪರನ್ನು ಈ ಪತ್ರದ ಜೊತೆಯಲ್ಲೇ ಇಟ್ಟಿದ್ದೇನೆ. ನಿನ್ನ ವಸ್ತು ನಿನಗೆ. ತಗಡು, ಆಲಿಕೆ ಇಲ್ಲಿಯೇ ಇವೆ. ಅವನ್ನು ಶಂಕರನ ಕೈಲಿ ಕೊಡುವುದಿಲ್ಲ. ನೀನೇ ಬರಬೇಕು. ಹಿತ್ತಲ ಬಾಗಿಲಿಂದಲ್ಲ, ಅಂಗಡಿಯ ಮೆಟ್ಟಿಲು ಹತ್ತಿ, ಜನ ನೋಡುತ್ತಿರುವಾಗ. ಬಂದು ನನ್ನನ್ನು ಏಕವಚನದಲ್ಲೇ ಬೈದರೂ ಸರಿ.

ಪ್ರೇಮಾಳಿಗೆ ನನ್ನ ಮುತ್ತು, ಎರಡೂ ಕೆನ್ನೆಗೆ.

ಇತಿ,
ನಿನ್ನ ಬೆಂಚಿನವಳು,
ರಹೀಮುನ್ನೀಸಾ

ತಾ.ಕ.: ತಗಡನ್ನು ಪರೀಕ್ಷಿಸಿದ್ದು ಯಾರ ಮೈಮೇಲೆ ಎಂದು ನೀನು ಕೇಳಿಯೇ ಕೇಳುತ್ತೀಯೆ. ನನ್ನ ಎಡ ಮುಂಗೈ ಮೇಲೆ. ಡಾಕ್ಟರು ಇಲ್ಲದ ಹೊತ್ತು ನೋಡಿ, ಮರಿಯಮ್ಮನನ್ನು ಕಾಡಿ ಬೇಡಿ, ಔಷಧಿ ಹಚ್ಚಿಸಿಕೊಂಡು ದೀಪಕ್ಕೆ ಒಡ್ಡಿದೆ. ಕೆಂಪಗಾಗಿ, ಈಗ ಕಪ್ಪಗೆ ನಿಂತಿದೆ. ನಿನ್ನ ಕಾಗದವನ್ನು ಮೇಲಿಟ್ಟು ನೋಡಿದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಗಂಡನನ್ನು ನಂಬಿದವಳು ಇದನ್ನು ಯಾಕೆ ಮಾಡಿದಳು ಎಂದು ಮಾತ್ರ ಕೇಳಬೇಡ. ಎಣ್ಣೆ ಸಿಡಿಯಿತು ಎಂದು ಮನೆಯಲ್ಲಿ ಹೇಳಬೇಕೆಂದಿದ್ದೆ. ಮೊನ್ನೆ ಬಡಿಸುವಾಗ ರವಿಕೆಯ ತೋಳು ಸರಿದು ಇವರ ಕಣ್ಣಿಗೆ ಬಿತ್ತು. ತಾವೇ ಕತ್ತರಿಸಿದ ಆಕಾರ, ಇವರಿಗೆ ಏನು ಹೇಳುವುದು ಉಳಿದಿತ್ತು? ಬಹಳ ಹೊತ್ತು ನೋಡಿದರು. "ಸಾಕು" ಎಂದು ತಟ್ಟೆಗೆ ಕೈ ಅಡ್ಡ ಹಿಡಿದರು. ಊಟ ಇನ್ನೂ ಅರ್ಧವೂ ಆಗಿರಲಿಲ್ಲ.